ಬೀಗ ಹಾಕಿದ ಕೋಣೆಯ ಕೆಮ್ಮು

ನರ್ಸಮ್ಮ ನಮ್ಮ ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಒಳಗೆ ಕರೆದರೂ ಬರದೆ ಮೆಟ್ಟಿಲ ಮೇಲೆಯೇ ನಿಂತಳು.

“ನಮ್ಮ ಆಸ್ಪತ್ರೇಲೇ ಅತ್ತೆಗೆ ಆಕ್ಸಿಜನ್ ಹಾಕಿದ್ದಾರೆ. ಕೊರೋನಾ ತಂದವಳು ನಾನೇ ಅಂತ ಮನೇಲಿ ತೀರ್ಮಾನ ಆಗಿದೆ. ನಾಳೆ ನಾನು ಮನೆ ಬಿಡ್ಬೇಕಂತೆ, ಮಗಳು ಮಾತ್ರ ಅಲ್ಲೇ ಇರ್ಬೇಕಂತೆ.”

“ನಿನ್ನ ಟೆಸ್ಟು?” ಎಂದರು ನನ್ನ ಅತ್ತಿಗೆ.

“ಎರಡು ಸಲವೂ ನೆಗೆಟಿವ್. ತಿಂಗಳಿಂದ ಮಹಡಿ ಕೋಣೇಲಿ ಒಬ್ಬಳೇ ಇದ್ದೀನಿ. ಆದ್ರೆ ನಾನು ಡ್ಯೂಟಿಗೆ ಹೋದಾಗ ಆ ಕೋಣೆ ಕೆಮ್ಮುತ್ತಂತೆ. ನನ್ನ ಬಟ್ಟೇಲಿ ಬಂದ ರೋಗ ಅಲ್ಲೇ ಕೂತಿದೆ ಅಂತಾರೆ.”

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತಿಗೆ ಮಾತ್ರ ಮಾಸ್ಕ್ ಹುಡುಕತೊಡಗಿದರು. ಯಾರಿಂದ ಯಾರಿಗೆ ರೋಗ ಅಂಟಿತೆಂದು ಪತ್ತೆ ಮಾಡುವುದೇ ಮೂವತ್ತು ವರ್ಷ ಅವರ ನೌಕರಿಯಾಗಿತ್ತು. ಬೀದಿಯವರು ಇಟ್ಟ ಹೆಸರು ‘ಭೂತಗನ್ನಡಿ’. ಅವರ ಚೀಲ ಹೊರುವುದು ಮತ್ತು ಹೆದರುವುದು ನನ್ನ ಪಾಲಿನ ಕೆಲಸ.

ನರ್ಸಮ್ಮನ ಜೊತೆ ಹೋದರೆ, ಆ ಮನೆಯ ಹೊಸ್ತಿಲಲ್ಲೇ ಸೀದ ಹಾಲಿನ ವಾಸನೆ ಮಾಸ್ಕ್ ದಾಟಿ ಮೂಗಿಗೆ ಬಡಿಯಿತು. ನರ್ಸಮ್ಮನ ಮಾವ ಅಡುಗೆಮನೆ ಬಾಗಿಲ ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದರು. ಗಂಡ ಹಿತ್ತಲಿಂದ ಓಡಿಬಂದು ಒಲೆ ಆರಿಸಿದ.

“ಏನಾಯ್ತೋ?” ಎಂದರು ಮಾವ.

“ದಿನಾ ಹೊರಗೆ ಹೋಗ್ತೀರಾ?” ಅತ್ತಿಗೆ ಅವರನ್ನೇ ಕೇಳಿದರು.

“ಎರಡು ಗಂಟೆ ವಾಕಿಂಗ್, ಅಷ್ಟೇ. ತಡೀರಿ, ಟ್ಯಾಂಕ್ ತುಂಬಿತಾ ನೋಡಿ ಬರ್ತೀನಿ.” ಮೆಟ್ಟಿಲಲ್ಲಿ ಎರಡು ಕಡೆ ನಿಂತು ನಿಂತು ಹತ್ತಿದರು. ಅತ್ತಿಗೆ ಬಾಗಿಲ ಬಳಿಯ ಬೂಟುಗಳನ್ನು ನೋಡುತ್ತಿದ್ದರು. ಒಂದರೊಳಗೆ ಜೇಡ ಬಲೆ ಕಟ್ಟಿತ್ತು.

ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಕೆಮ್ಮು ಕೇಳಿತು. ಗಂಡ ಗೋಡೆಗೆ ಒತ್ತಿ ನಿಂತ. ಐದು ವರ್ಷದ ಮಗಳು ಬೊಂಬೆಯಿಂದ ತಲೆ ಎತ್ತದೆ, “ಅಮ್ಮಾ, ರೋಗ ಎದ್ದಿದೆ,” ಎಂದಳು.

ನಾವು ಹತ್ತಿದೆವು. ನರ್ಸಮ್ಮ ಬೀಗ ತೆಗೆದಳು. ಮಡಚಿಟ್ಟ ಹೊದಿಕೆ, ಮುಚ್ಚಿದ ಕಿಟಕಿ, ಯಾರೂ ಇಲ್ಲ. ಅಷ್ಟರಲ್ಲಿ ಗೋಡೆಯೇ ಕೆಮ್ಮಿತು, ನನ್ನ ಕಿವಿಯ ಪಕ್ಕದಲ್ಲೇ. ನನ್ನ ಜೀವ ಬಾಯಿಗೆ ಬಂತು. ಅತ್ತಿಗೆ ಸೂರಿನಡಿಯ ಗಾಳಿಕಿಂಡಿಯನ್ನೊಮ್ಮೆ ನೋಡಿ, “ಎಲ್ಲರೂ ಅಂಗಳಕ್ಕೆ ಬನ್ನಿ,” ಎಂದರು.

ಅಂಗಳದಲ್ಲಿ ಎಲ್ಲರನ್ನೂ ದೂರ ದೂರ ಕೂರಿಸಿದರು.

“ಆಸ್ಪತ್ರೇಲಿ ಈ ಹುಡುಗಿ ಮೈತುಂಬ ಕವಚ ಹಾಕ್ತಾಳೆ, ಊಟಕ್ಕೂ ಒಬ್ಬಳೇ ಕೂರ್ತಾಳೆ. ಟೆಸ್ಟು ಎರಡು ಸಲ ನೆಗೆಟಿವ್. ಹಾಗಾದ್ರೆ ಅತ್ತೆಗೆ ಕೊಟ್ಟವರು ಅವರ ಜೊತೆ ಉಂಡು, ಮಲಗೋರು. ಪಕ್ಕದಲ್ಲೇ ಹಾಲು ಸೀದ್ರೂ ಒಬ್ಬರಿಗೆ ವಾಸನೆ ಬರ್ಲಿಲ್ಲ. ಆರು ಮೆಟ್ಟಿಲಿಗೇ ಉಸಿರು ಸಾಲ್ಲಿಲ್ಲ. ವಾಕಿಂಗ್ ಬೂಟಲ್ಲಿ ಜೇಡ ಸಂಸಾರ ಮಾಡ್ತಿದೆ. ಟ್ಯಾಂಕ್ ಇರೋದು ಆ ಕೋಣೆಯ ಬೆನ್ನಿಗೆ. ಇವಳು ಡ್ಯೂಟಿಗೆ ಹೋದಾಗ ಅಲ್ಲಿ ಅಡಗಿ ಕೆಮ್ಮಿದ್ರೆ ಕಿಂಡಿ ಮೂಲಕ ಕೋಣೆಯೇ ಕೆಮ್ಮಿದ ಹಾಗೆ ಕೇಳುತ್ತೆ. ಎಲ್ಲಿಗೆ ಹೋಗ್ತಿದ್ರಿ, ಯಜಮಾನ್ರೇ?”

ಮಾವ ತಲೆ ತಗ್ಗಿಸಿದರು. “ಗೆಳೆಯನ ಗ್ಯಾರೇಜಿಗೆ. ಇಸ್ಪೀಟಾಡೋಕೆ. ಶಟರ್ ಎಳ್ಕೊಂಡು, ಮಾಸ್ಕಿಲ್ದೆ. ರೋಗ ತರ್ತಾಳೆ ಅಂತ ಇವಳನ್ನ ಮೇಲೆ ಕಳಿಸಿದವನೇ ನಾನು. ಈಗ ಹೇಗೆ ಹೇಳ್ಲಿ?”

“ಅಪ್ಪಾ!” ಎಂದ ಗಂಡ. ನನಗಂತೂ ಆ ಮುದುಕನ ಮೇಲೆ ಮೈಯೆಲ್ಲ ಉರಿಯಿತು.

ನರ್ಸಮ್ಮ ಎದ್ದು, ಬೆರಳಿಗೆ ಹಾಕುವ ಯಂತ್ರವನ್ನು ಮಾವನ ಬೆರಳಿಗೆ ಸಿಕ್ಕಿಸಿದಳು. ಆಕ್ಸಿಜನ್ ಬರೀ ಎಂಬತ್ತೇಳು.

“ರೀ, ಗಾಡಿ ತೆಗೀರಿ. ಕಿಟಕಿ ಎಲ್ಲಾ ಇಳಿಸಿ,” ಎಂದಳು.

ಮಾವ ಕುರ್ಚಿಯ ಕೈ ಹಿಡಿದುಕೊಂಡರು. “ನಿನ್ನ ಅತ್ತೆ ಇರೋ ವಾರ್ಡು ಬೇಡಮ್ಮ. ಮುಖ ತೋರಿಸೋಕಾಗಲ್ಲ.”

“ಅತ್ತೆ ದಿನಾ ಮಾಸ್ಕ್ ಸರಿಸಿ ಒಂದೇ ಕೇಳ್ತಾರೆ ಮಾವ, ‘ಅವರಿಗೆ ಊಟ ಸೇರ್ತಿದೆಯಾ?’ ಅಂತ. ನಾನು ಹೂಂ ಅಂದ್ರೆ ನಂಬಲ್ಲ. ನೀವೇ ಬಂದು ಹೇಳಿ.”