ಕಬ್ಬಿಣದವನ ಬಾಯಲ್ಲಿ ಅಜ್ಜಿಯ ಮಾತು

“ಸುಳ್ಳು ಮಿಸ್! ಅವನು ಹಾಗೆ ಹೇಳೋದೇ ಇಲ್ಲ!”

ಗುಬ್ಬಿ ಎದ್ದು ನಿಂತೇಬಿಟ್ಟಿದ್ದಳು. ಐದನೇ ಕ್ಲಾಸಿನ ಮಕ್ಕಳೆಲ್ಲ ಅವಳತ್ತ ತಿರುಗಿದರು.

ಪರದೆಯ ಮೇಲೆ ನೂರು ವರ್ಷ ಹಳೆಯ ಮೂಕಿ ಸಿನಿಮಾ ಓಡುತ್ತಿತ್ತು. ಡಬ್ಬಿಯಂಥ ರಾಕೆಟ್‌ನಲ್ಲಿ ಕೂತು ಬಂದ ಹುಡುಗಿಯೊಬ್ಬಳು ಚಂದ್ರನ ಮೇಲೆ ಇಳಿದಿದ್ದಳು. ಎದುರಿಗೆ ಕಬ್ಬಿಣದ ಮನುಷ್ಯ. ಅವನ ದವಡೆ ಅಲ್ಲಾಡಿತು. ಆಮೇಲೆ ಪರದೆಯಲ್ಲಿ ಪರಭಾಷೆಯ ಅಕ್ಷರಗಳು ಮೂಡಿದವು. ಅವನ್ನು ಮಿಸ್ ಕನ್ನಡದಲ್ಲಿ ಓದಿ ಹೇಳಿದ್ದರು: “ನಿಲ್ಲು! ಮುಂದೆ ಬಂದರೆ ಪುಡಿ ಮಾಡುತ್ತೇನೆ.”

ಮಿಸ್ ಸಿನಿಮಾ ನಿಲ್ಲಿಸಿ, “ಮತ್ತೆ ಏನಂತಾನೆ?” ಎಂದು ಕೇಳಿದರು.

“‘ಬಾರೇ ಕಂದಾ, ಅಷ್ಟು ದೂರದಿಂದ ಬಂದಿದೀಯ, ಕಾಲು ನೋಯ್ತಿದೆಯಾ?’ ಅಂತಾನೆ. ಮನೇಲಿ ಈ ಸಿನಿಮಾ ನೋಡುವಾಗೆಲ್ಲ ನಮ್ಮಜ್ಜಿ ಹಾಗೇ ಹೇಳ್ತಿದ್ರು.”

ಕ್ಲಾಸು ಗೊಳ್ಳೆಂದಿತು. “ರೋಬೋಟ್ ಕಾಲು ಬೇರೆ ಒತ್ತುತ್ತಾನೇನೋ!” ಎಂದ ಹಿಂದಿನ ಬೆಂಚಿನ ಉದ್ದಕಾಲಿನ ಹುಡುಗ.

ಸಿನಿಮಾ ಮತ್ತೆ ಶುರುವಾಯಿತು. ಚಂದ್ರನ ಮೇಲಿನ ಹುಡುಗಿ ದೂರದ ಭೂಮಿಯತ್ತ ಕೈ ಚಾಚಿದಳು. ಆಗ ಉದ್ದಕಾಲಿನವನೂ ಬಾಯಿ ಮುಚ್ಚಿಕೊಂಡು ನೋಡಿದ. ಗುಬ್ಬಿಗೆ ಮಾತ್ರ ಏನೂ ಕಾಣಲಿಲ್ಲ, ಕಣ್ಣು ತುಂಬಿತ್ತು.

ಮನೆಗೆ ಬಂದಾಗ ತಾತ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದರು. ಅದು ಅಜ್ಜಿಯ ಮೆಷಿನ್ನು. ಹೋದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡ ಮೇಲೆ ಯಾರೂ ಅದನ್ನು ತುಳಿದಿರಲಿಲ್ಲ.

“ತಾತಾ, ಸಿನಿಮಾದ ಮಾತನ್ನ ಅಜ್ಜಿ ಓದಿ ತಾನೇ ಹೇಳ್ತಿದ್ದಿದ್ದು?”

ತಾತನ ಮುಖದಲ್ಲಿ ನಗು ಬಂತು, ಬಂದಷ್ಟೇ ಬೇಗ ಹೋಯಿತು. “ಆ ಅಕ್ಷರ ಅವಳಿಗೆ ಎಲ್ಲಿ ಬರ್ತಿತ್ತಮ್ಮಾ? ಸಿನಿಮಾದವರ ಬಾಯಿ ಆಡೋದು ನೋಡಿ ತಾನೇ ಮಾತು ಕಟ್ತಿದ್ದಳು. ದೇವರು ಅವಳಿಗೆ ಮಾತನ್ನು ಮೊಗೆಮೊಗೆದು ಕೊಟ್ಟಿದ್ದ.”

“ಹಾಗಾದ್ರೆ ಎಲ್ಲಾ ಸುಳ್ಳು!”

ತಾತ ಕೈ ಒರೆಸಿಕೊಂಡು, “ಟಿವಿಲಿ ಆ ಸಿನಿಮಾ ಹಾಕು, ನೋಡೋಣ” ಎಂದರು.

ಅಜ್ಜಿ ಇಲ್ಲದೆ ಮನೆಯಲ್ಲಿ ಅವರಿಬ್ಬರೂ ಆ ಸಿನಿಮಾ ನೋಡಿದ್ದು ಅದೇ ಮೊದಲು. ಕಬ್ಬಿಣದವನ ದವಡೆ ಆಡಿತು. ಇಬ್ಬರೂ ಕಾದರು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ.

ತಾತ ಗಂಟಲು ಸರಿಮಾಡಿಕೊಂಡರು. “ಬಾರೇ ಕಂದಾ... ಅಷ್ಟು ದೂರದಿಂದ...” ಅಷ್ಟಕ್ಕೇ ಬಿಟ್ಟು ಅಜ್ಜಿಯ ಮೆಷಿನ್ನಿನತ್ತ ತಿರುಗಿದರು.

ಪರದೆಯ ಹುಡುಗಿ ಬಾಯಿ ತೆರೆದಳು. ಮಾತಿಲ್ಲದ ಆ ತುಟಿಗಳನ್ನು ನೋಡುತ್ತ ಗುಬ್ಬಿಗೆ ಸುಮ್ಮನಿರಲು ಆಗಲಿಲ್ಲ.

“ಇಲ್ಲಿ ಎಲ್ಲಾ ಚೆನ್ನಾಗಿದೆ. ಆದ್ರೆ ನಂಗೆ ನಮ್ಮನೆಯವರು ಬೇಕು,” ಎಂದಳು ಮೆಲ್ಲಗೆ.

ಅಜ್ಜಿ ಎಂದೂ ಹೇಳದ ಮಾತು ಅದು. ಆದರೂ ಹುಡುಗಿಯ ತುಟಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ತಾತ ಹತ್ತಿರಕ್ಕೆ ಸರಿದು ಕೂತರು. ಕಬ್ಬಿಣದವನು ಮತ್ತೆ ಬಾಯಿ ತೆರೆದ.

“ಈಗ ಇವನು ಏನಂತಾನಮ್ಮಾ?”

“ತಡೀರಿ ತಾತಾ,” ಎಂದಳು ಗುಬ್ಬಿ. “ಅವನ ಮುಖ ನೋಡ್ತಿದೀನಿ.”