ಮಣ್ಣಿನ ಪಡೆಗೆ ವೀಳ್ಯ

ಇದು ತೊಂಬತ್ತೆಂಟರ ಬೇಸಿಗೆಯಲ್ಲಿ, ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದು. ನಾನು ಮತ್ತು ಗೆಳೆಯ ರುದ್ರಮುನಿ ಭಾನುವಾರಗಳಂದು ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಯುದ್ಧದಾಟ ಆಡುತ್ತಿದ್ದೆವು. ಮುಂಬೈಯಿಂದ ತರಿಸಿದ್ದ ನನ್ನ ಸೀಸದ ಸೈನ್ಯ ಹಳತಾಗಿತ್ತು, ಸೋಲುತ್ತಲೂ ಇತ್ತು. ಅದರ ನೆರವಿಗೆಂದು ಹರಿಹರದ ಹೊಳೆದಂಡೆಯ ಮಣ್ಣು ತಂದು, ಪಾಳೆಯಗಾರರ ಕಾಲದ ಭರ್ಜಿಯವರನ್ನು ಕೈಯಾರೆ ಮಾಡಿದೆ. ಮೀಸೆಯ ಎಳೆ ಎಳೆಯೂ ಎದ್ದು ಕಾಣುತ್ತಿತ್ತು. ಅಂಥ ಪಡೆ ಈ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ, ಈಗಲೂ ಇಲ್ಲ.

ಆದರೆ ವಾರವೆಲ್ಲ ಬಿಸಿಲಿಗಿಟ್ಟರೂ ಅವರ ಮೈ ತಣ್ಣಗೇ ಇರುತ್ತಿತ್ತು.

ಮೊದಲ ಆಟದಲ್ಲಿ ಅವರನ್ನೇ ಮುಂದೆ ಬಿಟ್ಟೆ. ಅವರ ಸರದಿ ಬಂದಾಗಲೆಲ್ಲ ದಾಳ ಒಂದರ ಮೇಲೆ ಏರಲಿಲ್ಲ.

ರುದ್ರಮುನಿ ನಕ್ಕ. "ನೆರವಿಗೆ ಕರದೀಯಲ್ಲ, ವೀಳ್ಯ ಕೊಟ್ಟೀಯೇನಪ್ಪ? ವೀಳ್ಯ ಇಲ್ದೆ ಯಾರು ಭರ್ಜಿ ಎತ್ತತಾರೆ?"

ತಮಾಷೆಗೆಂದೇ ಎಲೆ, ಅಡಿಕೆ, ಸುಣ್ಣ ತಂದು ಅವರ ಮುಂದಿಟ್ಟೆ. ಇಬ್ಬರೂ ಒಳಗೆ ಊಟಕ್ಕೆ ಕುಳಿತೆವು. ನನ್ನ ಹೆಂಡತಿ ನಿರ್ಮಲಾ ಬಡಿಸುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಎದ್ದು ಬಂದು ನೋಡಿದರೆ ಎಲೆಯ ತೊಟ್ಟು ಮಾತ್ರ ಉಳಿದಿತ್ತು. ಕೋಣೆಯ ತುಂಬ ಹೊಳೆನೀರಿನ ವಾಸನೆ. ಈ ಸಲ ರುದ್ರಮುನಿ ನಗಲಿಲ್ಲ. ಮತ್ತೊಂದು ಆಟ ಹೂಡಿದೆವು, ನಾನೇ ಗೆದ್ದೆ. ಅಂದಿನಿಂದ ಇಂದಿನವರೆಗೆ ನನ್ನ ಸೈನ್ಯ ಸೋತಿಲ್ಲ.

ಸಂಜೆ ಪಡೆಯನ್ನು ಎತ್ತಿಡುವಾಗ ನಿರ್ಮಲಾ ಬಗ್ಗಿ ನೋಡಿದಳು. "ತುಟಿಗೆ ಕೆಂಪು ಹಚ್ಚಿದ್ದು ಭಾಳ ಚಂದ ಐತ್ರಿ" ಅಂದಳು.

ನಾನು ಹೆಮ್ಮೆಯಿಂದಲೇ ತಲೆಯಾಡಿಸಿದೆ. ಅವರಿಗೆ ನಾನಿನ್ನೂ ಯಾವ ಬಣ್ಣವನ್ನೂ ಹಚ್ಚಿರಲಿಲ್ಲ.