ಅಚ್ಚಿಲ್ಲದ ಸೀಸೆ

ನಾಲ್ಕನೆಯ ಸೀಸೆಗೆ ಸಿರಿಂಜಿನಿಂದ ಕೊನೆಯ ಹನಿ ಬಿಟ್ಟು ಜ್ಯೋತಿಲಕ್ಷ್ಮಿ ಮುಚ್ಚಳ ತಿರುಗಿಸಿದಳು. ‘ಅಚ್ಚಿಲ್ಲದ್ದು’ ಎಂದು ಬರೆದ ಚೀಟಿಯನ್ನು ಅಂಟಿಸಿ ನೋಟ್‌ಬುಕ್ಕಿನ ಮೇಲೆ ಕೈಯೂರಿದಾಗ ಎದುರಿನ ಟೇಬಲ್ಲಿನಿಂದ ಲ್ಯಾಬ್ ಸಹಾಯಕ ತಿಪ್ಪೇಶ ನೋಡುತ್ತಿದ್ದ. ಅವಳ ಮುಖವನ್ನಲ್ಲ, ನೋಟ್‌ಬುಕ್ಕನ್ನು. ಅವಳು ಅದರ ಮೇಲಿದ್ದ ಕೈ ತೆಗೆದು ಪಟ್ಟನೆ ಮುಚ್ಚಿದಳು.

“ಏನ್ ನೋಡಾಕತ್ತೀರಿ?”

“ಏನಿಲ್ರಿ ಮೇಡಂ.” ಅವನ ಕಿವಿ ಕೆಂಪಾಯಿತು. “ಐದರ ಸಿರುಗುಪ್ಪ ಬಸ್ ಹಿಡೀಬೇಕು. ಟೈಮ್ ಎಷ್ಟಾತು ಅಂತ.”

“ಗಡಿಯಾರ ಗ್ವಾಡಿ ಮ್ಯಾಲೆ ಐತಿ. ನನ್ನ ನೋಟ್‌ಬುಕ್ಕಿನಾಗ ಇಲ್ಲ.”

ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಅದನ್ನು ತಾನು ಗಮನಿಸಿದ್ದೇನೆ ಎಂಬುದೇ ಅವಳಿಗೆ ಸಿಟ್ಟು. ಮೊದಲಿದ್ದ ಊರಿನ ಲ್ಯಾಬಿನಲ್ಲೂ ಒಬ್ಬ ಹೀಗೇ ನಗುತ್ತಿದ್ದ. ಅವಳ ಎರಡು ವರ್ಷದ ಕೆಲಸ ಕೊನೆಗೆ ಅವನ ಹೆಸರಿನಲ್ಲಿ ಪ್ರಕಟವಾಯಿತು. ಬಳ್ಳಾರಿಗೆ ಬಂದ ಮೇಲೆ ಅವಳು ಯಾರ ನಗುವನ್ನೂ ನಂಬಲಿಲ್ಲ.

ಕುರುಗೋಡಿನ ಮನೆಯಲ್ಲಿ ಅಕ್ಕ ಹಂಪಕ್ಕ ರಟ್ಟಿನ ಅಚ್ಚು ಇಟ್ಟು ಜೀನ್ಸ್ ಬಟ್ಟೆ ಕತ್ತರಿಸುತ್ತಾಳೆ. ಎಷ್ಟು ಕತ್ತರಿಸಿದರೂ ಅಳತೆ ಒಂದೇ. ಜ್ಯೋತಿಯ ಅಚ್ಚು ಒಂದು ಅಣು. ಅದರ ಮೇಲೆ ನಾಲ್ಕೇ ಜಾಗ. ಸಣ್ಣ ಅಣುಗಳು ಬಂದು ಕೂತು, ಪಕ್ಕದವುಗಳ ಕೈ ಹಿಡಿದು, ನಾಲ್ಕು ಕೊಂಡಿಯ ಸರಪಳಿಯಾಗಿ ಎದ್ದು ಹೋಗುತ್ತವೆ. ಅಚ್ಚು ಹಾಕದ ಸೀಸೆಯಲ್ಲಿ ಎರಡೋ ಏಳೋ ಹತ್ತೋ, ಮನಬಂದಂತೆ ಕೂಡಿಕೊಳ್ಳಬೇಕು. ಹಾಗೆ ಆದರೆ ಮಾತ್ರ ಅಚ್ಚಿನ ಕೆಲಸ ಸಾಬೀತು.

ಅಚ್ಚಿಲ್ಲದ ಸೀಸೆಗಳನ್ನು ಶುರು ಮಾಡಿ ಮೂರು ವಾರ. ಅವುಗಳಲ್ಲೂ ಬರುತ್ತಿದ್ದುದು ನಾಲ್ಕು ಕೊಂಡಿಯ ಸರಪಳಿಯೇ. ಸೋಮವಾರ ಗೈಡ್ ಮುಂದೆ ಫಲಿತಾಂಶ ಇಡಬೇಕು. ಹೀಗೇ ಬಂದರೆ ಪಿಎಚ್‌ಡಿ ಇನ್ನೊಮ್ಮೆ ಕೈತಪ್ಪಿದಂತೆ. ಯಾರೋ ಬೇಕೆಂದೇ ಅಚ್ಚು ಬೆರೆಸುತ್ತಿದ್ದಾರೆ.

ಸಂಜೆ ಸಿಂಕಿನಲ್ಲಿ ಬಿಟ್ಟ ಸೀಸೆಗಳು ಬೆಳಗ್ಗೆ ತೊಳೆದಿರುತ್ತಿದ್ದವು. ಮರುದಿನ ನೆಲ ಒರೆಸುತ್ತಿದ್ದ ಮಂಜಮ್ಮನನ್ನು ಕೇಳಿದಳು. “ನನ್ನ ಸೀಸಿ ತೊಳಿಯಾಕ ಏನ್ ಹಾಕ್ತಿ?”

“ನಾ ಯಾಕ ತೊಳೀಲಿ ಯವ್ವಾ? ಒಡದ್ರ ನನ್ನ ತಲಿಗೆ ಕಟ್ತಾರ.” ಮಂಜಮ್ಮ ಬಟ್ಟೆ ಹಿಂಡಿದಳು. “ನೀ ನಾಲ್ಕೂವರಿ ಕುರುಗೋಡು ಬಸ್ಸಿಗೆ ಹೋದ ಮ್ಯಾಲೆ ತಿಪ್ಪೇಶಪ್ಪ ನಿನ್ನ ಟೇಬಲ್ ಹತ್ರಾನ ಇರ್ತಾನ. ಆರರ ತನಕ.”

“ಐದರ ಬಸ್ಸಿಗೆ ಹೋಗ್ತೀನಿ ಅಂತಾನಲ್ಲ?”

“ಆ ಬಸ್ ಅವನ್ನ ಬಿಟ್ಟು ಹೋಗಾಕತ್ತಿ ತಿಂಗಳುಗಟ್ಟಲೆ ಆತು.” ಮಂಜಮ್ಮ ನಕ್ಕಳು. ಜ್ಯೋತಿ ನಗಲಿಲ್ಲ.

ಅಂದು ಸಂಜೆ ಎಂದಿನಂತೆ ಬಳಸಿದ ಸೀಸೆಗಳನ್ನು ಸಿಂಕಿನಲ್ಲಿಟ್ಟು, ಬ್ಯಾಗು ಹೆಗಲಿಗೇರಿಸಿ ಗೇಟಿನವರೆಗೆ ಹೋದಳು. ಸ್ವಲ್ಪ ಹೊತ್ತು ನಿಂತು, ಸದ್ದಿಲ್ಲದೆ ಮರಳಿದಳು.

ತಿಪ್ಪೇಶ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತಿದ್ದ. ಅಚ್ಚಿನ ಸೀಸೆಯೊಳಗೆ ಬ್ರಷ್ ತಿರುಗಿಸಿದ. ಅದೇ ಬ್ರಷ್ಷನ್ನು ಅಚ್ಚಿಲ್ಲದ ಸೀಸೆಗೆ ಹಾಕಿದ. ತೊಳೆದದ್ದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ.

“ಏನ್ ನಡಸೀರಿ?”

ಬ್ರಷ್ ಸಿಂಕಿಗೆ ಬಿತ್ತು. “ಸೀಸಿ ತೊಳಿಯೋ ಅಸಿಟೋನ್ ನಿಮ್ಮ ಕೈಗೆ ಆಗಂಗಿಲ್ಲಲ್ರಿ. ಬ್ಯಾಸಿಗ್ಯಾಗ ಬೆರಳು ಸೀಳಿ ರಕ್ತ ಬರ್ತಿತ್ತು. ತೊಳೀಲೇನು ಅಂತ ಕೇಳಿದ್ರ ಬ್ಯಾಡ ಅಂತಿದ್ರಿ.”

“ಅದಕ್ಕ ಬಸ್ಸಿನ ಸುಳ್ಳು?”

“ಆರರ ಮ್ಯಾಲೂ ಸಿರುಗುಪ್ಪಕ್ಕ ಬಸ್ ಐತ್ರಿ.”

“ದಿನಾ ನನ್ನ ನೋಟ್‌ಬುಕ್ ನೋಡ್ತಿದ್ದದ್ದು?”

“ನೋಟ್‌ಬುಕ್ ಅಲ್ರಿ. ಕೈ.” ಅವನು ನೆಲ ನೋಡಿದ. “ಮಾಯ್ದೈತೋ ಇಲ್ಲೋ ಅಂತ.”

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಒಂದು ಬಿರುಕೂ ಇರಲಿಲ್ಲ. ಹೊಸ ಮುಲಾಮಿನ ಗುಣ ಎಂದುಕೊಂಡಿದ್ದಳು.

ಸಿಂಕಿನಲ್ಲಿ ಬ್ರಷ್ ಬಿದ್ದಿತ್ತು. ಅದರ ಎಳೆಗಳಲ್ಲಿ ಕಣದಷ್ಟು ಅಚ್ಚು ಉಳಿದರೂ ಸಾಕು. ಅದು ಒಂದರ ಹಿಂದೆ ಒಂದು ಸರಪಳಿ ಕಟ್ಟುತ್ತಲೇ ಇರುತ್ತದೆ. ಅವಳಿಗೆ ಎಲ್ಲ ತಿಳಿಯಿತು. ಅವನಿಗೆ ಏನೂ ತಿಳಿದಿರಲಿಲ್ಲ.

“ನಾ ತೊಳದದ್ದು ಸರಿ ಆಗೇತಿಲ್ರಿ?”

“ಫಳಫಳ ಹೊಳ್ಯಾಕತ್ತಾವು,” ಎಂದಳು. ಅವನ ಕೆನ್ನೆಯಲ್ಲಿ ಗುಳಿ ಬಿತ್ತು. ಈ ಸಲ ಅವಳು ಕಣ್ಣು ತಿರುಗಿಸಲಿಲ್ಲ.

ಬಾಗಿಲು ದಾಟುವಷ್ಟರಲ್ಲಿ ಮನಸ್ಸಿನಲ್ಲಿ ಎಲ್ಲ ತೀರ್ಮಾನವಾಗಿತ್ತು. ಹಳೆಯ ಸೀಸೆಗಳಲ್ಲಿ ಅಚ್ಚು ಉಳಿದಿತ್ತೆಂದು ಗೈಡ್‌ಗೆ ಹೇಳಿ ಇನ್ನೊಂದು ತಿಂಗಳು ಕೇಳಬೇಕು. ತೊಳೆದವರ ಹೆಸರು ಬೇಡ. ಅಚ್ಚಿಲ್ಲದ ಪ್ರಯೋಗಕ್ಕೆ ಪ್ರತಿ ಸಲ ಹೊಸ ಸೀಸೆ ತೆಗೆಯಬೇಕು. ಬಳಸಿದವುಗಳನ್ನು ಎಂದಿನಂತೆ ಸಂಜೆ ಸಿಂಕಿನಲ್ಲೇ ಬಿಡಬೇಕು.

ಕುರುಗೋಡಿಗೆ ಮಾತ್ರ, ನಾಳೆಯಿಂದ, ಆರರ ಬಸ್ಸು.